ಮೂರಡಿ ರೀಫ್ ಟ್ಯಾಂಕಿನಲ್ಲಿ ಮೃದು ಹವಳಗಳನ್ನು ಬಣ್ಣದ ಕ್ರಮದಲ್ಲಿ ಜೋಡಿಸಬಹುದೇ?

ಅಮಾನಿಕೆರೆ (ತುಮಕೂರು) ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಸಿಹಿನೀರಿನ ಮೀನುಗಳನ್ನು ಹಲವು ವರ್ಷ ಸಾಕಿದ ಮೇಲೆ ಈಗ ಉಪ್ಪುನೀರಿನ ಟ್ಯಾಂಕಿಗೆ ಕೈ ಹಾಕಿದ್ದೇನೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇದು. ಕಲ್ಲು ಮತ್ತು ಮರಳು ಹಾಕಿದ ಮೇಲೆ ಸುಮಾರು 160 ಲೀಟರ್ ನೀರು ಹಿಡಿಯುತ್ತದೆ. ಸಮುದ್ರದಿಂದ ತೆಗೆದ ಕಲ್ಲು ಬೇಡವೆಂದು ಸೆರಾಮಿಕ್ ಕಲ್ಲನ್ನೇ ಬಳಸಿದ್ದೇನೆ. ಟ್ಯಾಂಕ್ ಸೈಕಲ್ ಆಗಿ (ಅಂದರೆ ಮೀನಿನ ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಿ) ತಿಂಗಳುಗಳು ಕಳೆದಿದ್ದು, ಒಂದು ಜೊತೆ ಕ್ಲೌನ್ ಮೀನುಗಳು ಆರೋಗ್ಯವಾಗಿವೆ. ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಅಲ್ಕಲಿನಿಟಿ (ನೀರಿನ ಕ್ಷಾರೀಯತೆ) 8.5 ಡಿಕೆಎಚ್, ನೈಟ್ರೇಟ್ 10 ಪಿಪಿಎಂ ಆಸುಪಾಸಿನಲ್ಲಿ ನಿಂತಿವೆ. ನೀಲಿ ಮತ್ತು ಬಿಳಿ ಬೆಳಕನ್ನು ಬೇರೆ ಬೇರೆಯಾಗಿ ಏರಿಳಿಸಬಹುದಾದ ಎಲ್‌ಇಡಿ ದೀಪವಿದೆ. ಎಡ ಗೋಡೆಗೆ ಒಂದು, ಹಿಂಬದಿಯ ಬಲ ಮೂಲೆಗೆ ಒಂದು ವೇವ್‌ಮೇಕರ್ (ನೀರನ್ನು ಅಲೆಯಾಡಿಸುವ ಪಂಪ್) ಹಾಕಿದ್ದೇನೆ.

ಬೆಂಗಳೂರಿನ ಹವ್ಯಾಸಿಯೊಬ್ಬರು ತಮ್ಮ ಟ್ಯಾಂಕನ್ನು ತೆಗೆಯುತ್ತಿರುವುದರಿಂದ ಅವರ ಬಳಿಯಿರುವ ಮೃದು ಹವಳಗಳನ್ನು ಒಟ್ಟಿಗೆ ಕೊಡಲು ಒಪ್ಪಿದ್ದಾರೆ. ಕಾಫಿ ಸಾಸರಿನಷ್ಟು ಅಗಲದ ಟೋಡ್‌ಸ್ಟೂಲ್ ಲೆದರ್ (ಚರ್ಮದಂಥ ಮೈಯ, ಅಣಬೆಯಾಕಾರದ ಹವಳ) ಒಂದು, ಹಸಿರು ಛಾಯೆಯ ಫಿಂಗರ್ ಲೆದರ್ ಒಂದು, ಒಂದು ಕಲ್ಲಿನ ತುಂಬ ಹಬ್ಬಿರುವ ಗ್ರೀನ್ ಸ್ಟಾರ್ ಪಾಲಿಪ್ (ಪಾಲಿಪ್ ಎಂದರೆ ಹವಳದ ಒಂದೊಂದು ಪುಟ್ಟ ಜೀವಿ), ಮಿಡಿಯುವ ಝೀನಿಯಾದ ಗೊಂಚಲು, ಕೆಂಪು ಮತ್ತು ನೀಲಿ ಮಶ್ರೂಮ್ ಹವಳಗಳು, ಕಿತ್ತಳೆ ಹಾಗೂ ಹಸಿರು ಜೋವಾಗಳು (ಗುಂಡಿಯಂಥ ಪಾಲಿಪ್‌ಗಳ ಗುಂಪು). ಇವನ್ನು ಎಡದಿಂದ ಬಲಕ್ಕೆ ಕೆಂಪು, ಕಿತ್ತಳೆ, ಹಸಿರು, ನೀಲಿ ಎಂಬ ಕ್ರಮದಲ್ಲಿ ಒಂದೇ ಕಲ್ಲಿನ ಗೋಡೆಯ ಮೇಲೆ ಸಾಲಾಗಿ ಇಟ್ಟು, ಕೊನೆಗೆ ಬಲ ಮೂಲೆಯಲ್ಲಿ ಎತ್ತರಕ್ಕೆ ನೇರಳೆ ಬಣ್ಣದ, ಬೀಸಣಿಗೆಯಾಕಾರದ ಸೀ ಫ್ಯಾನ್ ಹವಳ ಒಂದನ್ನು ನಿಲ್ಲಿಸಬೇಕೆಂಬುದು ನನ್ನ ಯೋಜನೆ. ಸೀ ಫ್ಯಾನ್ ತರಿಸಿಕೊಡುವುದಾಗಿ ಅಂಗಡಿಯವರೊಬ್ಬರು ಹೇಳಿದ್ದಾರೆ.

ಈ ಜೋಡಣೆ ನಿಲ್ಲುತ್ತದೆಯೇ? ಒಂದಕ್ಕೊಂದರ ನಡುವೆ ಎಷ್ಟು ಅಂತರ ಬೇಕು? ನಮ್ಮ ಕಡೆಯ ಬೇಸಿಗೆಗೆ ಇದರಲ್ಲಿ ಏನಾದರೂ ಬದಲಾವಣೆ ಮಾಡಬೇಕೇ? ತಿಳಿದವರು ದಯವಿಟ್ಟು ಹೇಳಿ.

ಕೋಲಾರದ ಉಪ್ಪುನೀರು ಅವರ ಉತ್ತರ:

ನಮಸ್ಕಾರ. ನಿಮ್ಮ ಟ್ಯಾಂಕಿನ ಅಂಕಿಗಳು ಮೃದು ಹವಳಗಳಿಗೆ ಚೆನ್ನಾಗಿಯೇ ಒಪ್ಪುತ್ತವೆ. ನೈಟ್ರೇಟ್ ಅಷ್ಟಿರುವುದು ತಪ್ಪಲ್ಲ. ತೀರಾ ಶುದ್ಧವಾದ, ಸತ್ತ್ವವಿಲ್ಲದ ನೀರಿನಲ್ಲಿ ಲೆದರ್ ಮತ್ತು ಝೀನಿಯಾ ಸೊರಗುವುದೇ ಹೆಚ್ಚು. ಆದರೆ ಬಣ್ಣದ ಸಾಲಿನ ಯೋಜನೆಯನ್ನು ಕೈಬಿಡಿ ಎಂದೇ ಹೇಳುತ್ತೇನೆ. ಬಣ್ಣವನ್ನು ನೋಡಬೇಕಾದದ್ದು ಎಲ್ಲಕ್ಕಿಂತ ಕೊನೆಗೆ. ಯಾವುದು ಹಬ್ಬುತ್ತದೆ, ಯಾವುದು ಎತ್ತರಕ್ಕೆ ಬೆಳೆದು ನೆರಳು ಹಾಕುತ್ತದೆ, ಯಾವುದಕ್ಕೆ ಎಷ್ಟು ಬೆಳಕು ಸಾಕು ಎಂಬ ಮೂರನ್ನು ಮೊದಲು ತೀರ್ಮಾನಿಸಿದರೆ, ಬಣ್ಣಕ್ಕೆ ಉಳಿಯುವ ಜಾಗ ತಾನಾಗಿ ಗೊತ್ತಾಗುತ್ತದೆ.

ಹಬ್ಬುವುದರಿಂದಲೇ ಆರಂಭಿಸೋಣ, ಏಕೆಂದರೆ ನಿಮ್ಮ ಪಟ್ಟಿಯಲ್ಲಿ ಅಂಥವು ಎರಡಿವೆ. ಗ್ರೀನ್ ಸ್ಟಾರ್ ಪಾಲಿಪ್ ತೆರೆದಾಗ ಹಸಿರು ಹುಲ್ಲುಹಾಸಿನ ಹಾಗೆ ಕಾಣುವುದರಿಂದ ಎಲ್ಲರಿಗೂ ಇಷ್ಟವಾಗುತ್ತದೆ, ಆದರೆ ಅದು ಮುಚ್ಚಿಕೊಂಡಿರುವಾಗ ಅಂಚನ್ನು ಗಮನಿಸಿ ನೋಡಿ. ನೇರಳೆ ಬಣ್ಣದ ರಬ್ಬರಿನಂಥ ಪದರವೊಂದು ಕಲ್ಲಿಗೆ ಅಂಟಿಕೊಂಡು ಮುಂದೆ ಸರಿಯುತ್ತಿರುತ್ತದೆ. ಪದರದ ತುದಿಯಲ್ಲಿ ಇನ್ನೂ ತೆರೆಯದ ಸಣ್ಣ ಸಣ್ಣ ಮೊಗ್ಗುಗಳಿರುತ್ತವೆ. ಆ ಪದರ ಮಶ್ರೂಮಿನ ಬುಡಕ್ಕೆ ತಲುಪಿದರೆ ಅದನ್ನು ಸುತ್ತುವರಿಯುತ್ತದೆ, ಜೋವಾಗಳ ನಡುವೆ ನುಗ್ಗಿದರೆ ಅವುಗಳನ್ನು ಮುಚ್ಚಿಯೇ ಬಿಡುತ್ತದೆ. ಒಮ್ಮೆ ಮುಖ್ಯ ಕಲ್ಲಿಗೆ ಹತ್ತಿತೆಂದರೆ, ರಂಧ್ರಗಳಿರುವ ಸೆರಾಮಿಕ್ ಕಲ್ಲಿನಿಂದ ಅದನ್ನು ಪೂರ್ತಿಯಾಗಿ ಕಿತ್ತು ತೆಗೆಯುವುದು ಆಗದ ಮಾತು. ಆದ್ದರಿಂದ ಅದಕ್ಕೆ ಮರಳಿನ ಮೇಲೆ ಒಂಟಿ ಕಲ್ಲನ್ನು ಕೊಡಿ, ಸುತ್ತಲೂ ಕನಿಷ್ಠ 10 ಸೆಂಟಿಮೀಟರ್ ಮರಳು ಬಯಲಾಗಿರಲಿ. ಹಿಂದಿನ ಗಾಜಿಗೆ ಹತ್ತಿಸುವ ರೂಢಿಯೂ ಇದೆ. ಗಾಜಿನಿಂದ ಬ್ಲೇಡಿನಲ್ಲಿ ಎಬ್ಬಿಸಿ ತೆಗೆಯುವುದು ಸುಲಭ, ಹಿನ್ನೆಲೆಯೂ ಹಸಿರಾಗುತ್ತದೆ. ಕಲ್ಲುಗಳು ಗಾಜಿಗೆ ತಾಗದಂತಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಝೀನಿಯಾಕ್ಕೂ ಇದೇ ನಿಯಮ, ಆದರೆ ಅದರ ಸ್ಥಾನವನ್ನು ಹೆಚ್ಚು ಯೋಚಿಸಿ ಆರಿಸಬೇಕು. ಅದರ ಸೊಬಗು ಬಣ್ಣದಲ್ಲಿಲ್ಲ, ಕೈಗಳನ್ನು ತೆರೆದು ಮುಚ್ಚುವ ಮಿಡಿತದಲ್ಲಿದೆ. ವೇವ್‌ಮೇಕರಿನ ನೇರ ರಭಸಕ್ಕೆ ಸಿಕ್ಕಿದರೆ ಗೊಂಚಲು ಒಂದೇ ಕಡೆಗೆ ಬಾಗಿ, ಆ ಮಿಡಿತ ಕಾಣುವುದೇ ಇಲ್ಲ. ನೀವು ಕುಳಿತು ನೋಡುವ ಎತ್ತರಕ್ಕೆ, ಹದವಾದ ಹರಿವಿನಲ್ಲಿ, ಬಲಗಡೆಯ ಪ್ರತ್ಯೇಕ ಕಲ್ಲಿನ ಮೇಲೆ ಇಡಿ.

ಇದರಿಂದಲೇ ನಿಮ್ಮ ಕಲ್ಲಿನ ವಿನ್ಯಾಸವೂ ಬದಲಾಗಬೇಕಾಗುತ್ತದೆ. ಉದ್ದಕ್ಕೂ ಒಂದೇ ಗೋಡೆ ಕಟ್ಟಿದರೆ ಹಬ್ಬುವ ಹವಳಕ್ಕೆ ರಸ್ತೆ ಹಾಕಿಕೊಟ್ಟ ಹಾಗಾಗುತ್ತದೆ, ಜೊತೆಗೆ ಗೋಡೆಯ ಹಿಂದೆ ನೀರು ನಿಂತು ಕಸ ಕೂರುತ್ತದೆ. ಎಡಕ್ಕೆ ಮೂರನೆಯ ಎರಡು ಪಾಲು ಕಲ್ಲಿನ ದೊಡ್ಡ ಗುಡ್ಡ, ಬಲಕ್ಕೆ ಸಣ್ಣದೊಂದು ಗುಡ್ಡ, ನಡುವೆ ಅಂಗೈ ಅಗಲದ ಮರಳಿನ ಕಣಿವೆ ಬಿಡಿ. ನೀವು ತುಮಕೂರಿನವರಾದ್ದರಿಂದ ದೇವರಾಯನದುರ್ಗದ ಬಂಡೆಗಳನ್ನು ನೋಡಿಯೇ ಇರುತ್ತೀರಿ. ಅವು ಒಂದರ ಮೇಲೊಂದು ಕುಳಿತಿದ್ದರೂ ಸಂದುಗಳಲ್ಲಿ ಗಾಳಿ ಬೆಳಕು ಆಡುತ್ತದೆಯಲ್ಲ, ಟ್ಯಾಂಕಿನ ಕಲ್ಲುಗಳೂ ಹಾಗೆಯೇ ಕೂರಬೇಕು. ಹಿಂದಿನ ಗಾಜಿಗೂ ಕಲ್ಲಿಗೂ ನಡುವೆ ಸ್ಕ್ರೇಪರ್ ಹೋಗುವಷ್ಟು ಜಾಗವಿರಲಿ.

ಇನ್ನು ಬೆಳಕು. ಟ್ಯಾಂಕಿನಲ್ಲಿ ಬೆಳಕು ಮುಖ್ಯವಾಗಿ ಬದಲಾಗುವುದು ಮೇಲಿನಿಂದ ಕೆಳಕ್ಕೆ. ಎಡದಿಂದ ಬಲಕ್ಕೆ ಸಾಲು ಹಾಕುವ ನಿಮ್ಮ ಯೋಜನೆ ತಪ್ಪುವುದು ಇಲ್ಲಿಯೇ. ಮಶ್ರೂಮ್‌ಗಳಿಗೆ 30ರಿಂದ 80 ಪಾರ್ (ಹವಳದ ಪಾಚಿ ಬಳಸಬಲ್ಲ ಬೆಳಕಿನ ಅಳತೆ) ಸಾಕು, ಅದಕ್ಕಿಂತ ಹೆಚ್ಚಾದರೆ ಕುಗ್ಗಿ ಬಣ್ಣ ಮಾಸುತ್ತವೆ. ಆದ್ದರಿಂದ ಅವು ಕಲ್ಲಿನ ಕೆಳಭಾಗಕ್ಕೆ, ಚಾಚಿದ ಕಲ್ಲಿನ ಅರೆನೆರಳಿಗೆ ಹೋಗಬೇಕು. ಜೋವಾಗಳು ನಡುಮಟ್ಟಕ್ಕೆ. ಲೆದರ್‌ಗಳು 80ರಿಂದ 150 ಪಾರ್‌ನಲ್ಲಿ ಚೆನ್ನಾಗಿ ಬೆಳೆಯುತ್ತವೆ, ಹಾಗಾಗಿ ಮೇಲ್ಭಾಗ ಅವುಗಳದ್ದು. ಆದರೆ ಈಗ ಸಾಸರಿನಷ್ಟಿರುವ ಟೋಡ್‌ಸ್ಟೂಲಿನ ತಲೆ ಒಂದಡಿ ಅಗಲಕ್ಕೂ ಬೆಳೆಯಬಲ್ಲದು ಎಂಬುದನ್ನು ನೆನಪಿಟ್ಟುಕೊಂಡು, ದೊಡ್ಡ ಗುಡ್ಡದ ನೆತ್ತಿಯಲ್ಲಿ ಅದೊಂದನ್ನೇ ಇಡಿ. ಅದರ ಕೆಳಗೆ ಬೀಳುವ ನೆರಳಿನಲ್ಲಿ ಮಶ್ರೂಮ್ ಬಿಟ್ಟು ಬೇರೇನೂ ಬೇಡ. ಫಿಂಗರ್ ಲೆದರ್ ಅದರಿಂದ 15 ಸೆಂಟಿಮೀಟರ್ ದೂರದಲ್ಲಿರಲಿ. ಅಂತರ ಅಳೆಯುವಾಗ ಹವಳ ಮುದುಡಿರುವಾಗ ಅಳೆಯಬೇಡಿ, ಪೂರ್ತಿ ಅರಳಿದಾಗ ಅಳೆಯಿರಿ.

ಲೆದರ್‌ಗಳು ಬರೀ ಜಾಗಕ್ಕಾಗಿ ಹೋರಾಡುವುದಿಲ್ಲ, ಟರ್ಪೀನ್ ಜಾತಿಯ ರಾಸಾಯನಿಕಗಳನ್ನು ನೀರಿಗೆ ಬಿಟ್ಟು ನೆರೆಯವರನ್ನು ಹತ್ತಿಕ್ಕುತ್ತವೆ. ಅದಕ್ಕಾಗಿ ವೇವ್‌ಮೇಕರಿನ ನೀರು ಮೊದಲು ಮಶ್ರೂಮ್, ಜೋವಾಗಳ ಮೇಲೆ ಹಾದು, ಆಮೇಲೆ ಲೆದರ್ ಕಡೆಗೆ ಹೋಗಿ ಓವರ್‌ಫ್ಲೋಗೆ (ನೀರು ಟ್ಯಾಂಕಿನಿಂದ ಹೊರಹೋಗುವ ಕಿಂಡಿಗೆ) ಬೀಳುವಂತೆ ಇಟ್ಟುಕೊಳ್ಳುವುದು ಒಳ್ಳೆಯದು.

ಕೊನೆಗೆ ಬಣ್ಣ. ಲೆದರ್‌ನ ಮಾಸಲು ಕಂದು ಬಣ್ಣವನ್ನು ಕೊರತೆಯೆಂದು ತಿಳಿಯಬೇಡಿ. ಹವಳದೊಳಗೆ ವಾಸಿಸುವ ಸೂಕ್ಷ್ಮ ಪಾಚಿಯ ಬಣ್ಣವದು, ಹವಳದ ಊಟದ ಬಹುಪಾಲು ಅಲ್ಲಿಂದಲೇ ಬರುತ್ತದೆ. ನೋಟಕ್ಕೂ ಅದು ಉಪಯುಕ್ತ, ಏಕೆಂದರೆ ಕಂದು ಹಿನ್ನೆಲೆಯ ಬಳಿ ಇಟ್ಟ ಕಿತ್ತಳೆ ಜೋವಾ ಎದ್ದು ಕಾಣುವಷ್ಟು ಹಸಿರಿನ ನಡುವೆ ಇಟ್ಟದ್ದು ಕಾಣುವುದಿಲ್ಲ. ಕೆಂಪು ಮಶ್ರೂಮ್‌ಗಳನ್ನು ಚದುರಿಸದೆ ಒಂದೇ ಕಡೆ ಗುಂಪಾಗಿಡಿ. ಇನ್ನೊಂದು ವಿಷಯ: ಹಸಿರು ಮತ್ತು ಕಿತ್ತಳೆಯ ಹಲವು ಬಗೆಗಳು ನೀಲಿ ಬೆಳಕಿನಲ್ಲಿ ತಾವೇ ಹೊಳೆಯುತ್ತವೆ, ಆದರೆ ಹೊಳೆಯುವ ಗುಣವಿಲ್ಲದ ಕೆಂಪು ಮಶ್ರೂಮ್ ಬರೀ ನೀಲಿಯಲ್ಲಿ ಕರ್ರಗೆ ಕಾಣುತ್ತದೆ. ಸಂಜೆ ಎಷ್ಟು ಹೊತ್ತಿಗೆ, ಯಾವ ಬೆಳಕಿನಲ್ಲಿ ನೀವು ಟ್ಯಾಂಕ್ ನೋಡುತ್ತೀರೋ ಅದೇ ಬೆಳಕು ಹಾಕಿಕೊಂಡು ಬಣ್ಣಗಳನ್ನು ಹೊಂದಿಸಿ.

ನಂದಿತಪ್ಪಲು (ಚಿಕ್ಕಬಳ್ಳಾಪುರ) ಅವರ ಉತ್ತರ:

ಜೋಡಣೆಯ ಬಗ್ಗೆ ಮೇಲಿನವರು ವಿವರವಾಗಿ ಹೇಳಿದ್ದಾರೆ. ನಾನು ಸೀ ಫ್ಯಾನ್ ವಿಷಯಕ್ಕೆ ಬರುತ್ತೇನೆ. ಅದನ್ನು ದಯವಿಟ್ಟು ತರಿಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಫೈರ್ ಕೋರಲ್, ಆರ್ಗನ್ ಪೈಪ್ ಕೋರಲ್ ಇವುಗಳ ಜೊತೆಗೆ ಸೀ ಫ್ಯಾನ್ ಕೂಡ ಸೇರಿದೆ. 2001ರಲ್ಲಿ ಇವನ್ನು ಪಟ್ಟಿಗೆ ಸೇರಿಸಲಾಯಿತು. ಅಂದರೆ ಹುಲಿ, ಆನೆಗಳಿಗಿರುವ ಅನುಸೂಚಿಯಲ್ಲೇ ಇವೂ ಇವೆ. ಅಂಗಡಿಯಲ್ಲಿ ಬೇರೆ ಹವಳಗಳ ಪಕ್ಕದಲ್ಲೇ ಇಟ್ಟಿರುತ್ತಾರೆ, ಬಾಗುವ ರೆಂಬೆಗಳಿರುತ್ತವೆ, ಹಾಗಾಗಿ ಕೊಳ್ಳುವವರು ಅದನ್ನೂ ಸಾಮಾನ್ಯ ಮೃದು ಹವಳವೆಂದೇ ತಿಳಿಯುತ್ತಾರೆ. ಆರ್ಗನ್ ಪೈಪ್ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಅದರ ಪಾಲಿಪ್‌ಗಳು ಅರಳಿರುವಾಗ ಕ್ಲೋವ್ ಪಾಲಿಪ್ ಎಂಬ ಮೃದು ಹವಳದಂತೆಯೇ ಕಾಣುತ್ತವೆ, ಕೆಳಗಿರುವ ಗಾಢ ಕೆಂಪು ಕೊಳವೆಗಳ ಗೂಡನ್ನು ನೋಡಿದರೆ ಮಾತ್ರ ಗುರುತು ಸಿಗುತ್ತದೆ. ನೀವು ಸೆರಾಮಿಕ್ ಕಲ್ಲು ಬಳಸಿರುವುದು ಈ ದೃಷ್ಟಿಯಿಂದಲೂ ಸರಿ, ಏಕೆಂದರೆ ಸಮುದ್ರದಿಂದ ತಂದ ಲೈವ್ ರಾಕ್ ಎಂಬುದರ ಬಹುಭಾಗ ಹಳೆಯ ಗಟ್ಟಿ ಹವಳದ ಅಸ್ಥಿಯೇ. ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದವರು ಒಂದು ಚೂರು ತಂದರೇನು ಎಂದು ಕೇಳುವುದುಂಟು, ಉತ್ತರ ಇದೇ.

ಕಾನೂನನ್ನು ಬದಿಗಿಟ್ಟರೂ ಬಣ್ಣಬಣ್ಣದ ಸೀ ಫ್ಯಾನ್‌ಗಳಲ್ಲಿ ಅನೇಕಕ್ಕೆ ಬೆಳಕಿನಿಂದ ಆಹಾರ ಸಿಗುವುದಿಲ್ಲ. ದಿನವೂ ಸೂಕ್ಷ್ಮ ಆಹಾರ ಕೊಡುತ್ತಲೇ ಇರಬೇಕು, 160 ಲೀಟರಿನಲ್ಲಿ ಹಾಗೆ ಕೊಟ್ಟರೆ ನೀರು ಕೆಡುತ್ತದೆ. ಕಾರ್ನೇಷನ್ ಎಂಬ ಹೆಸರಿನಲ್ಲಿ ಬರುವ ಗುಲಾಬಿ, ಕೆಂಪು ಮರದಂಥ ಹವಳದ್ದೂ ಇದೇ ಕಥೆ. ಮೂಲೆಗೆ ಎತ್ತರ ಬೇಕೆಂಬುದೇ ನಿಮ್ಮ ಆಸೆಯಾದರೆ ನಿಮ್ಮ ಪಟ್ಟಿಯಲ್ಲಿರುವ ಫಿಂಗರ್ ಲೆದರನ್ನೇ ಬಲ ಗುಡ್ಡದ ಹಿಂದೆ ನಿಲ್ಲಿಸಿ, ಅದು ರೆಂಬೆಯೊಡೆದು ಮೇಲೇಳುತ್ತದೆ. ಕೆನ್ಯಾ ಟ್ರೀ ಎಂಬ ಮೃದು ಹವಳ ಕೂಡ ಎತ್ತರ ಕೊಡುತ್ತದೆ, ಆದರೆ ಅದು ರೆಂಬೆ ಉದುರಿಸುತ್ತಾ, ಉದುರಿದ್ದೆಲ್ಲ ಬಿದ್ದಲ್ಲಿ ಬೇರೂರುತ್ತಾ ಹೋಗುವುದರಿಂದ ನಾನಂತೂ ಶಿಫಾರಸು ಮಾಡುವುದಿಲ್ಲ.

ಬಣ್ಣಕ್ಕೆ ಮರುಳಾಗಿ ಕಡುಹಳದಿ, ಕಡುನೀಲಿ, ಗುಲಾಬಿ ಲೆದರ್ ಸಿಕ್ಕಿತೆಂದು ಕೊಳ್ಳಲು ಹೋಗಬೇಡಿ. ಬಣ್ಣದಲ್ಲಿ ಅದ್ದಿ ಮಾರುವುದು ಈ ವ್ಯಾಪಾರದಲ್ಲಿ ಇದೆ. ಬುಡ, ಕಾಂಡ, ತಲೆ ಎಲ್ಲವೂ ಒಂದೇ ಗಾಢತೆಯಲ್ಲಿದ್ದರೆ ಅನುಮಾನಪಡಬೇಕು. ಬಣ್ಣ ಕುಡಿದ ಹವಳಕ್ಕೆ ಬೆಳಕು ಒಳಗೆ ಸರಿಯಾಗಿ ತಲುಪದೆ ಅದು ಹಸಿವಿನಿಂದಲೇ ಸಾಯುವುದುಂಟು.

ಜೋವಾಗಳನ್ನು ಮುಟ್ಟುವಾಗ ಕೈಗವಸು, ಕಣ್ಣಿಗೆ ಗಾಗಲ್ ಕಡ್ಡಾಯ. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಅತ್ಯುಗ್ರ ವಿಷವಿರುತ್ತದೆ. ಜೋವಾ ಹತ್ತಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿ ತೊಳೆಯುವ ಕೆಲಸವನ್ನು ಎಂದಿಗೂ ಮಾಡಬೇಡಿ, ಅದರ ಆವಿಯನ್ನು ಉಸಿರಾಡಿದ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಸಂಗಗಳು ವಿದೇಶಗಳಲ್ಲಿ ವರದಿಯಾಗಿವೆ. ಮನೆಯಲ್ಲಿ ಮಕ್ಕಳಿದ್ದರೆ ಜೋವಾ ಕಲ್ಲನ್ನು ಕೈಗೆಟಕುವ ಅಂಚಿನಲ್ಲಿ ಇಡಬೇಡಿ.

ಶಿರಾಗೇಟ್ (ತುಮಕೂರು) ಅವರ ಉತ್ತರ:

ಕೋಲಾರದವರ ಬಹುಪಾಲು ಮಾತು ಒಪ್ಪುತ್ತೇನೆ, ಹರಿವಿನ ದಿಕ್ಕಿನ ವಿಷಯ ಒಂದನ್ನು ಬಿಟ್ಟು. ಸಮುದ್ರದಲ್ಲಿ ಹೋದ ನೀರು ಮರಳಿ ಬರುವುದಿಲ್ಲ, ಆದರೆ ಮೂರಡಿ ಟ್ಯಾಂಕಿನಲ್ಲಿ ಅದೇ ನೀರು ಗಂಟೆಗೆ ಎಷ್ಟೋ ಸಲ ಸುತ್ತು ಹೊಡೆಯುತ್ತದೆ. ಲೆದರ್ ಬಿಟ್ಟ ರಾಸಾಯನಿಕ ಕೆಲವೇ ನಿಮಿಷಗಳಲ್ಲಿ ಎಲ್ಲ ಕಡೆಗೂ ತಲುಪಿರುತ್ತದೆ. ಮೇಲ್ಹರಿವಿನಲ್ಲಿ ಇಟ್ಟೆವೆಂಬ ಸಮಾಧಾನಕ್ಕಿಂತ ಸಂಪ್‌ನಲ್ಲಿ (ಟ್ಯಾಂಕಿನ ಕೆಳಗಿನ ಶೋಧಕ ತೊಟ್ಟಿಯಲ್ಲಿ) ನೀರು ರಭಸವಾಗಿ ಹಾದುಹೋಗುವ ಕಡೆ ಆ್ಯಕ್ಟಿವೇಟೆಡ್ ಕಾರ್ಬನ್ ಚೀಲವೊಂದನ್ನು ಇಟ್ಟು, ತಿಂಗಳಿಗೊಮ್ಮೆ ಬದಲಾಯಿಸುವುದೇ ನಿಜವಾದ ರಕ್ಷಣೆ. ಲೆದರ್ ಕತ್ತರಿಸಬೇಕಾಗಿ ಬಂದರೆ ಟ್ಯಾಂಕಿನೊಳಗೆ ಕತ್ತರಿಸದೆ ಬೇರೆ ಬಕೆಟ್ಟಿನ ಉಪ್ಪುನೀರಿನಲ್ಲಿ ಕತ್ತರಿಸಿ ತೊಳೆದು ಒಳಗಿಡಿ. ದಿಕ್ಕಿನ ಲೆಕ್ಕ ಉಪಯೋಗಕ್ಕೆ ಬರುವುದು ಲೆದರ್ ಪೊರೆ ಕಳಚುವಾಗ ಮಾತ್ರ: ಆ ಪೊರೆ ತೇಲಿಹೋಗಿ ಮತ್ತೊಂದು ಹವಳದ ಮೇಲೆ ಕೂರದಿರಲಿ ಎಂಬಷ್ಟಕ್ಕೆ.

ಬೇಸಿಗೆಯ ವಿಷಯ ಕೇಳಿದ್ದೀರಿ. ಮೃದು ಹವಳಗಳಿಗೆ 24ರಿಂದ 27 ಡಿಗ್ರಿ ಹಿತ. ನಮ್ಮ ಊರಿನ ಏಪ್ರಿಲ್‌ನಲ್ಲಿ ಮುಚ್ಚಿದ ಕೋಣೆಯ ಟ್ಯಾಂಕ್ 30 ದಾಟುವುದು ಕಷ್ಟವೇನಲ್ಲ. ಚಿಲ್ಲರ್ ಇದ್ದರೆ ಸರಿ. ಇಲ್ಲದಿದ್ದರೆ ಸಂಪ್ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರಾವಳಿಯಲ್ಲಿ ಈ ಉಪಾಯ ಅಷ್ಟು ನಡೆಯದು, ನಮ್ಮದು ಒಣ ಹವೆಯಾದ್ದರಿಂದ ನಡೆಯುತ್ತದೆ. ಹಾಗೆ ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿದೇ ಇರುತ್ತದೆ. ಆದ್ದರಿಂದ ದಿನವೂ ತುಂಬಬೇಕಾದದ್ದು ಉಪ್ಪಿಲ್ಲದ ಆರ್‌ಒ ನೀರು. ಅಡುಗೆಮನೆಯ ಆರ್‌ಒ ಯಂತ್ರದ ನೀರನ್ನು ನೇರವಾಗಿ ಬಳಸಬೇಡಿ. ರುಚಿಗಾಗಿ ಒಂದಿಷ್ಟು ಕಚ್ಚಾ ನೀರನ್ನೋ ಖನಿಜವನ್ನೋ ಮತ್ತೆ ಬೆರೆಸುವ ಯಂತ್ರಗಳೇ ಹೆಚ್ಚು, ನಮ್ಮ ಬೋರ್‌ವೆಲ್ ನೀರಂತೂ ಗಡಸು. ಉಳಿದ ಲವಣಗಳನ್ನೂ ತೆಗೆಯುವ ಡಿಐ ಹಂತವೂ ಇದ್ದು, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು.

ಜೋಡಣೆಗೂ ಇದಕ್ಕೂ ಸಂಬಂಧವಿದೆ. ಕರೆಂಟ್ ಹೋದಾಗ ಹರಿವು ನಿಲ್ಲುತ್ತದೆ, ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಕಲ್ಲಿನ ಗುಂಡಿಯಲ್ಲಿ, ಮೂಲೆಯ ಸಂದಿಯಲ್ಲಿ ತುರುಕಿದ ಹವಳಗಳೇ ಮೊದಲು ಬಾಡುತ್ತವೆ. ಝೀನಿಯಾವನ್ನಂತೂ ಗುಂಡಿಯಲ್ಲಿ ಇಡಬೇಡಿ. ಬ್ಯಾಟರಿಯ ಏರ್ ಪಂಪ್ ಒಂದು ಕೈಗೆ ಸಿಗುವಲ್ಲಿರಲಿ, ಅಥವಾ ಒಂದು ವೇವ್‌ಮೇಕರನ್ನು ಮನೆಯ ಇನ್ವರ್ಟರ್ ಲೈನಿಗೆ ಸೇರಿಸಿ.

ಅಮಾನಿಕೆರೆ ಅವರ ಮರುಪ್ರಶ್ನೆ:

ಮೂವರಿಗೂ ಧನ್ಯವಾದಗಳು. ಸೀ ಫ್ಯಾನ್ ಬೇಡವೆಂದು ಅಂಗಡಿಯವರಿಗೆ ತಿಳಿಸಿಬಿಟ್ಟೆ. ಕಲ್ಲಿನ ಗೋಡೆಯನ್ನು ಬಿಚ್ಚಿ ಎರಡು ಗುಡ್ಡ ಮಾಡುತ್ತೇನೆ: ದೊಡ್ಡದರ ನೆತ್ತಿಗೆ ಟೋಡ್‌ಸ್ಟೂಲ್, ಅದರ ನೆರಳಿನ ಕೆಳಗೆ ಕೆಂಪು ಮಶ್ರೂಮ್‌ಗಳ ಗುಂಪು, ನಡುಮಟ್ಟದಲ್ಲಿ ಕಿತ್ತಳೆ ಜೋವಾ. ಬಲ ಗುಡ್ಡದ ಹಿಂದೆ ಫಿಂಗರ್ ಲೆದರ್, ಮುಂದೆ ಝೀನಿಯಾ, ಬುಡದಲ್ಲಿ ನೀಲಿ ಮಶ್ರೂಮ್. ಗ್ರೀನ್ ಸ್ಟಾರ್ ಕಲ್ಲು ಕಣಿವೆಯ ಮುಂಭಾಗದ ಮರಳಿನಲ್ಲಿ ಒಂಟಿಯಾಗಿ. ಹಸಿರು ಜೋವಾಗಳಿಗೆ ಸದ್ಯಕ್ಕೆ ಜಾಗ ಕಾಣುತ್ತಿಲ್ಲ.

ಇನ್ನೆರಡು ಸಂದೇಹ ಉಳಿದಿವೆ. ಇವನ್ನೆಲ್ಲ ಕಲ್ಲಿಗೆ ಹತ್ತಿಸುವುದು ಹೇಗೆ? ಟ್ಯಾಂಕಿಗೆ ಬಂದ ಮೇಲೆ ಲೆದರ್ ದಿನಗಟ್ಟಲೆ ಮುಚ್ಚಿಕೊಂಡೇ ಇದ್ದರೆ ಜಾಗ ಬದಲಾಯಿಸಬೇಕೇ?

ಕೋಲಾರದ ಉಪ್ಪುನೀರು ಅವರ ಉತ್ತರ:

ಕಾರ್ಬನ್ ವಿಷಯದಲ್ಲಿ ಶಿರಾಗೇಟ್ ಅವರ ಮಾತು ಸರಿಯಾಗಿದೆ, ಅದನ್ನು ಮೊದಲ ದಿನದಿಂದಲೇ ಹಾಕಿ. ನಿಮ್ಮ ಹೊಸ ಯೋಜನೆಯಲ್ಲಿ ಒಂದೇ ತಿದ್ದುಪಡಿ: ಝೀನಿಯಾ ಮತ್ತು ನೀಲಿ ಮಶ್ರೂಮ್ ಒಂದೇ ಗುಡ್ಡದಲ್ಲಿ ಬೇಡ, ವರ್ಷದೊಳಗೆ ಝೀನಿಯಾ ಬುಡಕ್ಕೆ ಇಳಿದಿರುತ್ತದೆ. ನೀಲಿ ಮಶ್ರೂಮನ್ನೂ ದೊಡ್ಡ ಗುಡ್ಡದ ನೆರಳಿಗೇ ಕಳುಹಿಸಿ, ಕೆಂಪಿನಿಂದ ಸ್ವಲ್ಪ ದೂರದಲ್ಲಿ. ಹಸಿರು ಜೋವಾಗಳನ್ನು ಕಿತ್ತಳೆಯ ಪಕ್ಕದಲ್ಲೇ ಇಡಬಹುದು. ಅವೆರಡೂ ಬೆರೆತು ಬೆಳೆದರೆ ನೋಡಲು ಚೆನ್ನ, ಯಾವುದಾದರೂ ಒಂದು ಮೇಲುಗೈ ಸಾಧಿಸಿದರೆ ಆಗ ಬೇರ್ಪಡಿಸಿದರಾಯಿತು.

ಲೆದರ್ ಮುಚ್ಚಿಕೊಳ್ಳುವುದಕ್ಕೆ ಗಾಬರಿ ಬೇಡ. ಪಾಲಿಪ್‌ಗಳೆಲ್ಲ ಒಳಗೆ ಹೋಗಿ ತಲೆ ನುಣ್ಣಗೆ, ಮೇಣ ಸವರಿದ ಹೊಳಪಿಗೆ ಬರುತ್ತದೆ. ಕೆಲವು ದಿನಗಳಿಂದ ಒಂದೆರಡು ವಾರದೊಳಗೆ ಆ ತೆಳು ಪೊರೆ ಅಂಚಿನಿಂದ ಏಳುತ್ತಾ ಚೂರುಚೂರಾಗಿ ನೀರಿನಲ್ಲಿ ಹೋಗುತ್ತದೆ. ಮೇಲೆ ಕುಳಿತ ಪಾಚಿ, ಕಸವನ್ನು ಅದು ಹೀಗೆ ಕಳೆದುಕೊಳ್ಳುತ್ತದೆ. ಆಗ ಅದಕ್ಕೆ ಬೇಕಾದದ್ದು ಹೆಚ್ಚು ಹರಿವು, ಜಾಗ ಬದಲಾವಣೆಯಲ್ಲ. ಬುಡ ಕಪ್ಪಾಗಿ, ಮೆತ್ತಗಾಗಿ, ಕೊಳೆತ ವಾಸನೆ ಬಂದರೆ ಮಾತ್ರ ಆ ಭಾಗವನ್ನು ಕತ್ತರಿಸಿ ತೆಗೆಯಬೇಕು.

ಹತ್ತಿಸುವುದು ಒಂದೊಂದಕ್ಕೆ ಒಂದೊಂದು ರೀತಿ. ಟ್ಯಾಂಕಿಗೆ ಹಾಕುವ ಮುನ್ನ ಎಲ್ಲವನ್ನೂ ಕೋರಲ್ ಡಿಪ್‌ನಲ್ಲಿ (ಹವಳದ ಮೇಲಿನ ಕೀಟ ಕಳೆಯುವ ದ್ರಾವಣದಲ್ಲಿ) ಅದ್ದಿ ತೊಳೆಯಿರಿ. ಜೋವಾಗಳು ಕಲ್ಲಿನ ಚೂರಿನೊಂದಿಗೇ ಬರುವುದರಿಂದ ಚೂರಿನ ತಳವನ್ನು ಒರೆಸಿ ಜೆಲ್ ಸೂಪರ್‌ಗ್ಲೂ ಹಚ್ಚಿ ಒತ್ತಿದರೆ ಸಾಕು. ಲೆದರ್ ಕಲ್ಲಿನೊಂದಿಗೆ ಬಾರದಿದ್ದರೆ ಅದರ ಮಾಂಸಕ್ಕೆ ಅಂಟು ಹಿಡಿಯುವುದಿಲ್ಲ. ಬುಡವನ್ನು ಕಲ್ಲಿನ ತುಂಡಿಗೆ ರಬ್ಬರ್ ಬ್ಯಾಂಡಿನಿಂದ ಸಡಿಲವಾಗಿ ಕಟ್ಟಿ, ತಾನಾಗಿ ಹಿಡಿದುಕೊಳ್ಳುವವರೆಗೆ ಬಿಡಿ. ಬಿಗಿಯಾಗಿ ಕಟ್ಟಿದರೆ ರಬ್ಬರ್ ಕೊಯ್ದುಕೊಂಡು ಹೋಗುತ್ತದೆ. ಬಿಡಿ ಮಶ್ರೂಮ್‌ಗಳ ಲೋಳೆಯ ಮೇಲೆ ಯಾವ ಅಂಟೂ ನಿಲ್ಲದು. ಸಣ್ಣ ಡಬ್ಬಿಯಲ್ಲಿ ಕಲ್ಲಿನ ಚೂರುಗಳನ್ನು ಹರಡಿ, ಮಶ್ರೂಮ್ ಬಿಟ್ಟು, ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ, ಹರಿವು ಕಡಿಮೆಯಿರುವ ಮೂಲೆಯ ಮರಳಿನ ಮೇಲಿಡಿ. ಒಂದೆರಡು ವಾರದಲ್ಲಿ ಪ್ರತಿಯೊಂದೂ ಒಂದೊಂದು ಚೂರನ್ನು ಹಿಡಿದಿರುತ್ತದೆ, ಆಮೇಲೆ ಚೂರನ್ನು ಬೇಕಾದಲ್ಲಿ ಅಂಟಿಸಬಹುದು. ಝೀನಿಯಾವನ್ನು ಅಂಟಿಸಲು ಹೋಗಲೇಬೇಡಿ, ಜಾರಿಕೊಂಡು ಬಿಡುತ್ತದೆ. ಅದು ಕುಳಿತಿರುವ ಕಲ್ಲಿಗೆ ತಾಗಿದಂತೆ ಒಂದು ಚೂರನ್ನು ಇಟ್ಟರೆ ಅದೇ ನಡೆದು ಅದರ ಮೇಲೆ ಹತ್ತುತ್ತದೆ. ಆಗ ನಡುವೆ ಬ್ಲೇಡ್ ಆಡಿಸಿ ಬೇರ್ಪಡಿಸಿ, ಆ ಚೂರನ್ನು ಬಲ ಗುಡ್ಡಕ್ಕೆ ಅಂಟಿಸಿ.